ತುಪ್ಪ ಬಿಟ್ಟ ಹಿರಿಯ ಅಳಿಯ

ಮೂಡಲಗಿಯಲ್ಲಿ ನಮ್ಮ ಅತ್ತೆ ಇಂದುಬಾಯಿಯವರು ಅಳಿಯಂದಿರ ಹೋಳಿಗೆಗೆ ತುಪ್ಪ ಬಡಿಸುವಾಗ ನಾನು ತಲೆ ತಗ್ಗಿಸಿ ಕೂತಿರುತ್ತೇನೆ. ನೋಡಿದವರು, ಪಾಪ, ಸಂಭಾವಿತ ಮನುಷ್ಯ ಅನ್ನುತ್ತಾರೆ. ಸುಳ್ಳು. ನಾನು ಎಣಿಸುತ್ತಿರುತ್ತೇನೆ. ನನ್ನ ತಾಟಿಗೆ ಎಷ್ಟು ಮಿಳ್ಳೆ ಬಿತ್ತು, ಬಾಜೂಕೆ ಕೂತ ಕುಂಥುನಾಥನ ತಾಟಿಗೆ ಎಷ್ಟು ಬಿತ್ತು, ಅವನ ಮಿಳ್ಳೆ ಕಂಠಮಟ ತುಂಬಿತ್ತೋ ಅರೆಬರೆ ಇತ್ತೋ, ಎಲ್ಲ ನನ್ನ ತಲೆಯಲ್ಲಿದೆ. ಹನ್ನೊಂದು ವರ್ಷದಿಂದ ಅವನೇ ಮುಂದಿದ್ದಾನೆ.

ಕುಂಥುನಾಥ ನನ್ನ ಷಡ್ಡಕ. ಅಂದರೆ ನನ್ನ ಹೆಂಡತಿ ತ್ರಿಶಲಾಳ ತಂಗಿ ಮೇಘಾಳ ಗಂಡ. ಗೋಕಾಕದಲ್ಲಿ ಕರದಂಟಿನ ಅಂಗಡಿ ಇಟ್ಟಿದ್ದಾನೆ. ನಾನು ಪಾರೀಸ ಮಗದುಮ್ಮ, ಹುಕ್ಕೇರಿ ಪೇಟೆಯಲ್ಲಿ ಬಟ್ಟೆ ಅಂಗಡಿ ನನ್ನದು. ಹಿರಿಯ ಅಳಿಯ ನಾನು. ಜನ ಇದನ್ನು ಮರೆಯುವುದರಿಂದ ಇನ್ನೊಮ್ಮೆ ಹೇಳುತ್ತೇನೆ: ಹಿರಿಯ ಅಳಿಯ ನಾನು.

ತೊಂಬತ್ತೆಂಟನೇ ಇಸವಿಯ ಕಾರಹುಣ್ಣಿಮೆಯ ದಿನ ಊಟದ ಹೊತ್ತಿಗೆ ಅತ್ತೆಯವರು ಒಂದು ಸುದ್ದಿ ಹೇಳಿದರು. ಬರುವ ಕಾರ್ತೀಕದಲ್ಲಿ ಮೂಡಲಗಿಯ ಬಸ್ತಿಯಲ್ಲಿ, ಅಂದರೆ ನಮ್ಮ ಜೈನರ ಗುಡಿಯಲ್ಲಿ, ಎಂಟು ದಿನ ಸಿದ್ಧಚಕ್ರದ ಆರಾಧನೆ ಮಾಡಿಸುತ್ತಾರಂತೆ. ಗಂಡುಮಕ್ಕಳಿಲ್ಲದ ಮನೆ. ಹೀಗಾಗಿ ಒಬ್ಬ ಮಗಳು, ಒಬ್ಬ ಅಳಿಯ ಇಂದ್ರಾಣಿ-ಇಂದ್ರರಾಗಿ ಕೂತು ಪೂಜೆ ನಡೆಸಬೇಕು. ಇಂದ್ರ ಅಂದರೆ ಸುಮ್ಮನೆ ಅಲ್ಲ. ತಲೆಗೆ ಕಿರೀಟ, ಮೈಗೆ ರೇಶಿಮೆ, ಸೊಂಟಕ್ಕೆ ಬಂಗಾರದ ಗಿಲೀಟಿನ ಪಟ್ಟಿ, ಅಭಿಷೇಕದ ಮೊದಲ ಕಲಶ ಅವನ ಕೈಯಲ್ಲಿ. ಮೂರು ತಾಲೂಕಿನ ಬೀಗರು ನೋಡುತ್ತಾರೆ.

"ಇಂದ್ರ ಯಾರ ಆಗೂದಂತ ಆಮ್ಯಾಲೆ ನೋಡೂನು" ಅಂದರು ಅತ್ತೆ. ಅಂದವರು ನೋಡಿದ್ದು ಮಾತ್ರ ಕುಂಥುನಾಥನ ಕಡೆಗೆ.

ಅವನು ತುಪ್ಪದ ಬೆರಳು ನೆಕ್ಕುತ್ತ, "ಹಿರ್ಯಾರಂದ್ರ ಅಣ್ಣಾರ ಆಗ್ಬೇಕ್ರಿ. ಆದ್ರ ಅಣ್ಣಾರ ಬರೂದಕ್ಕಿಂತ ಮೊದ್ಲ ಅವರ ಹೊಟ್ಟಿ ಬಂದು ಕೂತಿರತೈತಿ. ಕಿರೀಟಾ ಯಾರಿಗೆ ಇಡೂದು, ಹೊಟ್ಟಿಗ್ಯೋ ಅಣ್ಣಾರಿಗ್ಯೋ?" ಅಂದ.

ಎಲ್ಲರೂ ನಕ್ಕರು. ತ್ರಿಶಲಾ ಕೂಡ ಸೆರಗಿನೊಳಗೆ ನಕ್ಕಳು. ನನ್ನ ಸೊಂಟ ಮೂವತ್ತೆಂಟು ಇಂಚು, ಅವನದು ಮೂವತ್ತಾರು. ಬಟ್ಟೆ ವ್ಯಾಪಾರದವನಿಗೆ ಅಳತೆಪಟ್ಟಿ ಹಿಡಿಯದೆ ಗೊತ್ತಾಗುತ್ತದೆ. ಎರಡಿಂಚು ಕಡಿಮೆ ಇದ್ದವನಿಗೆ ಇಷ್ಟು ಸೊಕ್ಕು! ನನಗೆ ಉರಿದು ಹೋಯಿತು.

ಮುಂದಿನ ಆದಿತ್ಯವಾರ ಪೇಪರಿನ ಪುರವಣಿಯಲ್ಲಿ ನನ್ನ ಭಾಗ್ಯ ತೆರೆಯಿತು. 'ಜಿಡ್ಡು ಬಿಡಿ, ಹೊಟ್ಟೆ ಕರಗಿಸಿ' ಎಂದು ದೊಡ್ಡ ಅಕ್ಷರದಲ್ಲಿ ಲೇಖನ. ತುಪ್ಪ, ಎಣ್ಣೆ, ಕೆನೆ, ಶೇಂಗಾ, ಕೊಬ್ಬರಿ ಬಿಟ್ಟವನಿಗೆ ರೋಗವಿಲ್ಲ, ಹೊಟ್ಟೆಯೂ ಇಲ್ಲ ಎಂದು ಬರೆದಿದ್ದರು. ಬರೆದ ತಜ್ಞರ ಫೋಟೋ ಇತ್ತು, ಆದರೆ ಕುತ್ತಿಗೆಯ ತನಕ ಮಾತ್ರ. ಕೆಳಗಿನ ಭಾಗ ಯಾಕೆ ಹಾಕಿಲ್ಲವೆಂದು ಆಗ ವಿಚಾರ ಮಾಡಲಿಲ್ಲ.

ನಾನು ಅರೆಮನಸ್ಸಿನ ಮನುಷ್ಯನಲ್ಲ. ಅಂದೇ ಒಗ್ಗರಣೆ ಬಂದ್ ಮಾಡಿಸಿದೆ. ಯಾವುದರಲ್ಲಿ ಜಿಡ್ಡು ಇದೆ, ಯಾವುದರಲ್ಲಿಲ್ಲ ಎಂದು ತಿಳಿಯಲು ಸ್ವಂತ ಪರೀಕ್ಷೆಯೊಂದನ್ನು ಕಂಡುಹಿಡಿದೆ. ಪದಾರ್ಥವನ್ನು ಹಳೇ ಪೇಪರಿನ ಮೇಲೆ ಇಟ್ಟು ಇಪ್ಪತ್ತು ಎಣಿಸುವುದು. ಪೇಪರಿಗೆ ಎಣ್ಣೆಯ ಕಲೆ ಬಿದ್ದರೆ ಅದು ವೈರಿ, ಬೀಳದಿದ್ದರೆ ಮಿತ್ರ. ಬೆಲ್ಲ ಮಿತ್ರ. ಬತ್ತಾಸ ಮಿತ್ರ. ಚುರುಮುರಿ, ಬಾಳೆಹಣ್ಣು, ಉತ್ತತ್ತಿ, ಅನ್ನ, ಎಲ್ಲ ಮಿತ್ರರು. ಮಿತ್ರರ ಜೊತೆ ಸಂಕೋಚವೇನು? ಎಷ್ಟು ಬೇಕಾದರೂ ತಿನ್ನಬಹುದು.

ಎದುರು ಮನೆಯ ಶೆಟ್ಟೆವ್ವ ಒಂದು ದಿನ ಕರೆದು ಚಕ್ಕಲಿ ಕೊಟ್ಟಳು. ನಾನು ಕಿಸೆಯಿಂದ ಪೇಪರಿನ ತುಂಡು ತೆಗೆದು ಅದರ ಮೇಲೆ ಚಕ್ಕಲಿ ಇಟ್ಟು ಎಣಿಸತೊಡಗಿದೆ.

"ಏನೋ ಪಾರೀಸಣ್ಣಾ, ನಮ್ಮ ಮನಿ ಚಕ್ಕಲಿ ಪಂಚನಾಮಾ ಮಾಡಾಕ ಬಂದೀಯೇನ?" ಎಂದು ಶೆಟ್ಟೆವ್ವ ಸೊಂಟಕ್ಕೆ ಕೈ ಇಟ್ಟಳು.

"ಇದರಾಗ ಜಿಡ್ಡ ಐತಿ ಶೆಟ್ಟೆವ್ವಾ."

"ಚಕ್ಕಲಿ ಎಣ್ಣ್ಯಾಗ ಕರೀದ ಮತ್ತ ಭಾವಿ ನೀರಾಗ ಕರೀತಾರೇನ? ಹೋಗ, ಬೆಲ್ಲಾ ಕೊಡ್ತೇನಿ, ಕಡಕೊಂಡ ಹೋಗ!"

ಬೆಲ್ಲ ತೆಗೆದುಕೊಂಡೆ. ಅದು ಮಿತ್ರ.

ಆಷಾಢದ ಚತುರ್ದಶಿಗೆ ಚಾತುರ್ಮಾಸ ಶುರುವಾಗುವ ಹೊತ್ತಿಗೆ ಮತ್ತೆ ಮೂಡಲಗಿಗೆ ಹೋದೆವು. ಪಂಕ್ತಿ ಕೂತಿತು. ಅತ್ತೆಯವರು ತುಪ್ಪದ ತಂಬಿಗೆ ಹಿಡಿದು ನನ್ನ ಮುಂದೆ ಬಂದಾಗ ಹೋಳಿಗೆಯ ಮೇಲೆ ಅಂಗೈ ಅಡ್ಡ ಇಟ್ಟೆ.

"ಬ್ಯಾಡ್ರಿ ಅತ್ತ್ಯಾರ. ತುಪ್ಪಾ, ಎಣ್ಣಿ ಎರಡೂ ಬಿಟ್ಟೇನಿ."

ಅತ್ತೆಯವರ ಕೈ ಅಲ್ಲೇ ನಿಂತಿತು. "ಬಿಟ್ಟೀರಿ? ರಸಾ ಬಿಟ್ಟೀರಿ?"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಜೈನರಲ್ಲಿ ಚಾತುರ್ಮಾಸದ ನಾಲ್ಕು ತಿಂಗಳು ರಸತ್ಯಾಗ ಎಂಬ ವ್ರತವಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು, ಈ ಆರರಲ್ಲಿ ಒಂದನ್ನೋ ಎರಡನ್ನೋ ಬಿಡುತ್ತಾರೆ. ನಾಲಿಗೆ ಗೆದ್ದವನು ಎಂದು ಊರು ಕೈ ಮುಗಿಯುತ್ತದೆ. ನಾನು ಪುರವಣಿ ಓದಿ ಬಿಟ್ಟವನು. ಅತ್ತೆಯವರು ಧರ್ಮಕ್ಕೆ ಬಿಟ್ಟನೆಂದು ತಿಳಿದರು. "ಇಲ್ರಿ ಅತ್ತ್ಯಾರ, ಇದು ಹೊಟ್ಟಿ ಸಲುವಾಗಿ" ಎಂದು ಹೇಳಲು ಬಾಯಿ ತೆರೆದಿದ್ದೆ, ದೇವರಾಣೆಗೂ ತೆರೆದಿದ್ದೆ. ಅಷ್ಟರಲ್ಲಿ ಕುಂಥುನಾಥನ ಮುಖ ಕಾಣಿಸಿತು. ಹೋಳಿಗೆ ಬಾಯಿಯಲ್ಲೇ ನಿಂತು, ಮುಖ ತಂಗಳು ರೊಟ್ಟಿಯಂತಾಗಿತ್ತು. ಹನ್ನೊಂದು ವರ್ಷದಲ್ಲಿ ಅಂಥ ಸುಖ ನನಗೆ ಸಿಕ್ಕಿರಲಿಲ್ಲ.

"ಹೌದ್ರಿ" ಅಂದೆ.

"ನಾಲ್ಕ ತಿಂಗಳಾ?"

"ಪೂರ್ತಿ."

ಅತ್ತೆಯವರು ತಂಬಿಗೆ ಕೆಳಗಿಟ್ಟು ಕೈ ಮುಗಿದರು. ಹಿರಿಯ ಅಳಿಯನಿಗೆ! ಕೈ ತೊಳೆಯುವುದನ್ನೂ ಕಾಯದೆ ಬಸ್ತಿಗೆ ಕರೆದೊಯ್ದು, ಪಂಡಿತರ ಮುಂದೆ ಅಕ್ಕಿ-ಕಾಯಿ ಕೊಡಿಸಿ, ವ್ರತವನ್ನು ಸಾಂಗವಾಗಿ ತೊಡಿಸಿಯೇಬಿಟ್ಟರು. ಕಾರ್ತೀಕದ ಹುಣ್ಣಿಮೆ ತನಕ ಇನ್ನು ಬಿಡುಗಡೆಯಿಲ್ಲ. ತಿರುಗಿ ಬಂದು ನೋಡಿದರೆ ನನ್ನ ಪಾಲಿನ ತುಪ್ಪ ಹಾಳಾಗಬಾರದೆಂದು ಮೇಘಾ ಅದನ್ನೂ ಗಂಡನ ತಾಟಿಗೆ ಸುರಿದಿದ್ದಳು. ಅವನು ಒಂದೇ ಹೋಳಿಗೆಯನ್ನು ಅದರಲ್ಲಿ ಈಜಾಡಿಸುತ್ತ ಕೂತಿದ್ದ.

ಬಸ್ಸಿನಲ್ಲಿ ತ್ರಿಶಲಾ ಕಿವಿಯಲ್ಲಿ, "ಪೇಪರ ಓದಿ ಬಿಟ್ಟದ್ದ ಹೇಳಲೇನ ಅವ್ವಗ?" ಅಂದಳು.

"ಹೇಳು. ಇಂದ್ರಾಣಿ ಕಿರೀಟಾ ಮೇಘಾನ ತಲೀಗಿ ಹೋಗತೈತಿ, ಅಷ್ಟ."

ಅವಳು ಘಟಪ್ರಭಾ ಬರುವ ತನಕ ಕಿಡಕಿಯ ಹೊರಗೆ ನೋಡಿದಳು. ಆಮೇಲೆ, "ನನಗ್ಯಾಕ ಬೇಕ್ರಿ ಊರ ಉಸಾಬರಿ" ಅಂದಳು. ಅಕ್ಕ-ತಂಗಿಯರ ಪ್ರೀತಿ ದೊಡ್ಡದು.

ಸುದ್ದಿ ನಮಗಿಂತ ಮೊದಲೇ ಹುಕ್ಕೇರಿಗೆ ಮುಟ್ಟಿತ್ತು. ಎಸ್‌ಟಿಡಿ ಬೂತಿನವನು ಅತ್ತೆಯವರ ಫೋನು ತೆಗೆದುಕೊಂಡವನು, ಪೇಟೆಗೆಲ್ಲ ಹಂಚಿದ್ದ. ಮರುದಿನದಿಂದ ಓಣಿಯ ಹೆಂಗಸರು ಸಾಲಾಗಿ ಬಂದರು. ವ್ರತಸ್ಥನಿಗೆ ಉಣಿಸಿದರೆ ಪುಣ್ಯವಲ್ಲವೇ? ಒಬ್ಬಳು ಬೆಲ್ಲದ ಅವಲಕ್ಕಿ, ಒಬ್ಬಳು ಸಕ್ಕರೆ ನೀರಿನ ಪಾಯಸ, ಒಬ್ಬಳು ಕಾಕಂಬಿಯಲ್ಲಿ ಕಲಸಿದ ಅನ್ನ. ಒಂದರಲ್ಲೂ ಹನಿ ಎಣ್ಣೆಯಿಲ್ಲ. ಎಲ್ಲವನ್ನೂ ಪೇಪರಿನ ಮೇಲಿಟ್ಟು ನೋಡಿದೆ. ಎಲ್ಲರೂ ಮಿತ್ರರೇ. ಶೆಟ್ಟೆವ್ವ ತಾನು ಬಸವಣ್ಣನ ಕಡೆಯವಳಾದರೂ ಪುಣ್ಯ ಯಾರಪ್ಪನ ಸೊತ್ತೂ ಅಲ್ಲವೆಂದು ದಿನಾ ಮುಂಜಾನೆ ಬೆಲ್ಲದ ಚಹಾ ತಂದಳು.

ವಿಚಿತ್ರವೆಂದರೆ ನನಗೆ ಹಸಿವು ಹೆಚ್ಚಾಯಿತು. ಅನ್ನ ಉಂಡು ಅಂಗಡಿಗೆ ಹೋಗಿ ಎರಡು ಸೀರೆ ಬಿಚ್ಚಿ ತೋರಿಸುವಷ್ಟರಲ್ಲಿ ಹೊಟ್ಟೆ ಮತ್ತೆ ಖಾಲಿ. ಒಂದು ಮುಷ್ಟಿ ಚುರುಮುರಿ, ಒಂದು ಹೆಂಟೆ ಬೆಲ್ಲ. ಮತ್ತೆ ಒಂದು ಗಂಟೆಗೆ ಅದೇ ಗೋಳು. ಸೂರ್ಯ ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ, ಹೀಗಾಗಿ ಸಂಜೆ ಐದಕ್ಕೆ ನಾಳೆ ಮುಂಜಾನೆಯವರೆಗಿನದನ್ನು ಒಮ್ಮೆಲೇ ತುಂಬಿಕೊಳ್ಳಬೇಕಾಗುತ್ತಿತ್ತು.

ನೂಲಹುಣ್ಣಿಮೆಗೆ ಅತ್ತೆಯವರು ಎಲ್ಲರೆದುರು ಘೋಷಿಸಿದರು: "ಇಂದ್ರ ಪಾರೀಸಪ್ಪಾರ. ರಸಾ ಗೆದ್ದವರು." ನಾನು ಅಂದು ಕುಂಥುನಾಥನ ಕಡೆ ನೋಡಲಿಲ್ಲ. ನೋಡದೆಯೂ ಕಾಣುತ್ತಿತ್ತು.

ಎಂಟೇ ದಿನಕ್ಕೆ ಗೋಕಾಕದಿಂದ ಫೋನು ಬಂತು. ತ್ರಿಶಲಾ ಹೋಗಿ ಮಾತಾಡಿ ಬಂದಳು.

"ಮೇಘಾನ ಗಂಡನೂ ವ್ರತಾ ತಗೊಂಡಾನಂತ. ಸಿಹಿ ಬಿಟ್ಟಾನಂತ. ಸಕ್ರಿ, ಬೆಲ್ಲಾ, ಎಲ್ಲಾ."

ಹೊಟ್ಟೆಕಿಚ್ಚು ಅಂದರೆ ಇದು! ನಾನು ಬಿಟ್ಟೆನೆಂದು ಅವನೂ ಬಿಟ್ಟ. ಕರದಂಟಿನ ಅಂಗಡಿ ಇಟ್ಟುಕೊಂಡು ಸಿಹಿ ಬಿಟ್ಟವನನ್ನು ನೆನೆದು ಎರಡು ದಿನ ನಗುತ್ತಲೇ ಬಟ್ಟೆ ಹರಿದೆ. ಎಂಟು ದಿನದಲ್ಲಿ ವ್ರತ ಬಿಡಿಸಿರೆಂದು ಪಂಡಿತರ ಕಾಲು ಹಿಡಿಯುತ್ತಾನೆ ಎಂದು ಪಕ್ಕದ ದರ್ಜಿ ಸತ್ತೆಪ್ಪನ ಕೂಡ ಪಂಥ ಕಟ್ಟಿದೆ. ಅವನು ಹಿಡಿಯಲಿಲ್ಲ. ರೊಟ್ಟಿ, ಬದನೇಕಾಯಿ ಪಲ್ಯ, ಮೊಸರು, ಶೇಂಗಾ ಹಿಂಡಿ, ಮೇಲೆ ತುಪ್ಪ. ಇಷ್ಟೇ ಅವನ ವ್ರತ. ಇದು ವ್ರತವೋ ಬೀಗರೂಟವೋ ನೀವೇ ಹೇಳಿ.

ಇತ್ತ ನನ್ನ ಪ್ಯಾಂಟು ಸೊಂಟಕ್ಕೆ ಕೂಡದಾಯಿತು. ಸತ್ತೆಪ್ಪನ ಹತ್ತಿರ ಹೊಲಿಗೆ ಬಿಚ್ಚಿಸಲು ಹೋದೆ. ಅವನು ಪಟ್ಟಿ ಹಿಡಿದು, ಕಣ್ಣುಜ್ಜಿಕೊಂಡು, ಮತ್ತೆ ಹಿಡಿದ.

"ಸಾವಕಾರ್ರ, ನಲವತ್ತೆರಡ ಐತ್ರಿ."

"ಮೆಲ್ಲಕ ಅನ್ನೋ!"

"ತುಪ್ಪಾ ಬಿಟ್ಟವರಿಗೆ ನಲವತ್ತೆರಡ ಹೆಂಗ ಬರತೈತ್ರಿ? ಪಟ್ಟಿನ ಕುಗ್ಗೇತಿ ಕಾಣತೈತಿ."

ಅವನು ಬಡವ, ತಪ್ಪನ್ನು ಪಟ್ಟಿಯ ಮೇಲೆ ಹಾಕಿದ. ಓಣಿಯವರು ಧರ್ಮದ ಮೇಲೆ ಹಾಕಿದರು. "ಮುಖಾ ನೋಡ್ರೆವ್ವಾ, ಹೆಂಗ ತುಂಬೇತಿ! ತಪಸ್ಸಿನ ತೇಜ ಇದು" ಎಂದು ಬಸ್ತಿಯಲ್ಲಿ ಮುದುಕಿಯರು ಗಲ್ಲ ಮುಟ್ಟಿ ನೋಡಿದರು. ನನಗೂ ಹಾಗೇ ಅನ್ನಿಸತೊಡಗಿತು. ತೇಜವೇ ಇರಬೇಕು. ಸ್ವಲ್ಪ ಕೆಳಗೆ ಇಳಿದು ನಿಂತಿದೆ, ಅಷ್ಟೇ.

ದಸರೆಗೆ ಬನ್ನಿ ಕೊಡಲು ಕುಂಥುನಾಥ ಮನೆಗೆ ಬಂದ. ಬಾಗಿಲಲ್ಲಿ ನಿಂತವನ ಸೊಂಟವನ್ನು ಕಣ್ಣಲ್ಲೇ ಅಳೆದೆ. ಮೂವತ್ತೆರಡು! ಹೊಟ್ಟೆ ಬೆನ್ನಿಗೆ ಹತ್ತಿತ್ತು, ಅಂಗಿ ಒಳಗೆ ತುರುಕಿ ಬೆಲ್ಟು ಬಿಗಿದಿದ್ದ, ಮದುಮಗನ ಹಾಗೆ ಕಾಣುತ್ತಿದ್ದ. ಅಡುಗೆಮನೆಯಲ್ಲಿ ತ್ರಿಶಲಾ, "ಮೇಘಾನ ಗಂಡ ಎಷ್ಟ ಚೆಂದ ಆಗ್ಯಾನಲ್ಲ" ಅಂದಳು. ನಾನು ಒಳಗೊಳಗೇ ಸುಟ್ಟುಹೋದೆ. ತುಪ್ಪ ತಿಂದವನು ಇಳಿಯುವುದು, ತುಪ್ಪ ಬಿಟ್ಟವನು ಏರುವುದು, ಯಾವ ದೇವರ ನ್ಯಾಯ ಇದು? ಆ ಸಂಕಟಕ್ಕೆ ಅರ್ಧ ಕಿಲೋ ಬತ್ತಾಸ ತಿಂದೆ.

ಕಾರ್ತೀಕದ ಅಷ್ಟಮಿ ಬಂತು. ಬಸ್ತಿಯ ಮುಂದೆ ಮಂಟಪ, ಮೂರು ತಾಲೂಕಿನ ಬೀಗರು, ಒಂದು ಟೆಂಪೋ ಮಾಡಿಕೊಂಡು ಬಂದ ನಮ್ಮ ಓಣಿಯ ಹೆಂಗಸರು, ಮುಂದಿನ ಸಾಲಿನಲ್ಲಿ ಶೆಟ್ಟೆವ್ವ. ಪಂಡಿತರು ನನಗೆ ರೇಶಿಮೆ ಉಡಿಸಿದರು, ಕಿರೀಟ ಇಟ್ಟರು. ತ್ರಿಶಲಾ ಇಂದ್ರಾಣಿಯ ಕಿರೀಟದಲ್ಲಿ ತಂಗಿಯ ಕಡೆ ಮೂರು ಸಲ ತಿರುಗಿದಳು. ಆಮೇಲೆ ಪಂಡಿತರು ಸೊಂಟದ ಪಟ್ಟಿ ತಂದರು. ಬಸ್ತಿಯ ಹಳೇ ಪಟ್ಟಿ, ಎಲ್ಲ ಇಂದ್ರರಿಗೂ ಅದೊಂದೇ.

ಕೂಡಲಿಲ್ಲ. ಎರಡೂ ತುದಿಗಳ ನಡುವೆ ಒಂದು ಗೇಣು ಹೊಟ್ಟೆ ಉಳಿಯಿತು.

"ಉಸರ ಬಿಡ್ರಿ" ಅಂದರು ಪಂಡಿತರು. ಬಿಟ್ಟೆ. "ಪೂರ್ತಿ ಬಿಡ್ರಿ." ಇನ್ನು ಬಿಟ್ಟರೆ ಪ್ರಾಣವೇ ಹೋಗಬೇಕು. ಹೆಂಗಸರ ಟೆಂಪೋದಲ್ಲೇ ಬಂದಿದ್ದ ಸತ್ತೆಪ್ಪ ಎದ್ದು ಒಂದು ಕಡೆ ಜಗ್ಗಿದ, ಪಂಡಿತರು ಇನ್ನೊಂದು ಕಡೆ ಜಗ್ಗಿದರು. ಪಟ್ಟಿಯ ಕೊಂಡಿ ಕಿತ್ತು ಡೊಳ್ಳಿನವನ ಮುಂದೆ ಹೋಗಿ ಬಿತ್ತು. ಅವನು ಸನ್ನೆ ಎಂದು ತಿಳಿದು ಬಾರಿಸಲು ಶುರುಮಾಡಿದ.

ಡೊಳ್ಳು ನಿಂತ ಮೇಲೆ ಮೇಘಾ ಎದ್ದು ನಿಂತಳು. "ಅಕ್ಕಾ, ಖರೆ ಹೇಳು. ಭಾವಾರು ಮನ್ಯಾಗ ಕದ್ದು ತುಪ್ಪಾ ತಿನ್ನಾಕತ್ತಿದ್ರಿಲ್ಲೋ?"

ಮಂಟಪದಲ್ಲಿ ಗುಸುಗುಸು ಎದ್ದಿತು. ಅತ್ತೆಯವರ ಮುಖ ಸುಣ್ಣವಾಯಿತು. ವ್ರತ ಮುರಿದವನನ್ನು ಇಂದ್ರ ಮಾಡಿದರೆಂದರೆ ಅವರ ಎಂಟು ದಿನದ ಆರಾಧನೆಯೂ ಹೋಯಿತು, ಮನೆತನದ ಮರ್ಯಾದೆಯೂ ಹೋಯಿತು. "ಪಾರೀಸಪ್ಪಾರ, ದೇವರ ಮುಂದ ನಿಂತೀರಿ. ತಿಂದೀರೋ ಇಲ್ಲೋ?" ಅಂದರು.

"ಇಲ್ರಿ ಅತ್ತ್ಯಾರ! ಒಂದ ಹನಿ ಮುಟ್ಟಿಲ್ಲ!"

"ಮತ್ತ ಈ ಹೊಟ್ಟಿ?"

ಮುಂದಿನ ಕುರ್ಚಿಯಲ್ಲಿ ಮೂಡಲಗಿಯ ಡಾಕ್ಟರು ಕೂತಿದ್ದರು. ಅವರು ಎದ್ದು ಬಂದು, "ಒಂದ ದಿನದಾಗ ಏನೇನ ತಿಂತೀರಿ, ಎಲ್ಲಾರಿಗೂ ಕೇಳೂವಂಗ ಹೇಳ್ರಿ" ಅಂದರು.

ಕಿರೀಟ ಹೊತ್ತುಕೊಂಡು, ಕುಂಥುನಾಥನ ಮುಂದೆ, ಮೈಕಿನಲ್ಲಿ! ಆದರೆ ಹೇಳದಿದ್ದರೆ ಕಳ್ಳನಾಗುತ್ತೇನೆ. ಹೇಳಿದೆ. "ಮುಂಜಾನೆ ಚಾ. ಹಾಲಿಲ್ಲ. ಒಂದ ತಾಟ ಅವಲಕ್ಕಿ. ನಾಲ್ಕ ಬಾಳೆಹಣ್ಣ. ಆಮ್ಯಾಲೆ ಚುರುಮುರಿ, ಬೆಲ್ಲಾ. ಮಧ್ಯಾಹ್ನ ಅನ್ನಾ... ಇಷ್ಟ."

"ಇಷ್ಟ?" ಶೆಟ್ಟೆವ್ವ ಎದ್ದಳು. "ನಂದು ಬಿಟ್ಟೀಯಲ್ಲೋ! ದಿನಾ ಎರಡ ಚರಿಗಿ ಬೆಲ್ಲದ ಚಾ ಯಾರ ಕುಡಿತಿದ್ದರು, ನನ್ನ ಗಂಡೇನ?"

"ನಮ್ಮ ಪಾಯಸಾ ಹೇಳಲಿಲ್ಲ!" ಎಂದು ಹಿಂದಿನಿಂದ ಇನ್ನೊಬ್ಬಳು ಕೂಗಿದಳು. "ಮಂಗಳಾರ ಮಂಗಳಾರ ಒಂದ ಡಬರಿ!"

"ಕಾಕಂಬಿ ಅನ್ನಾ ನಂದು! ಕೊಟ್ಟವರ ಹೆಸರ ಹೇಳಲಿಲ್ಲಂದ್ರ ಪುಣ್ಯಾ ಹೆಂಗ ಹತ್ತಬೇಕು?"

ಓಣಿಯ ಹೆಂಗಸರೆಲ್ಲ ಎದ್ದರು. ಯಾರು ಹೆಚ್ಚು ಉಣಿಸಿದರೆಂದು ಅವರವರಲ್ಲೇ ಜಗಳ ಹತ್ತಿತು. ಕಬ್ಬಿನ ಹಾಲಿನ ಅಂಗಡಿಯವನು ಕೂಡ ಬಂದಿದ್ದನೆಂದು ನನಗೆ ಗೊತ್ತಿರಲಿಲ್ಲ. ಅವನೂ ಕೈ ಎತ್ತಿದ.

ಗದ್ದಲ ಇಳಿದ ಮೇಲೆ ಡಾಕ್ಟರು ಅತ್ತೆಯವರ ಕಡೆ ತಿರುಗಿದರು. "ಅಮ್ಮಾರ, ನಿಮ್ಮ ಅಳಿಯಾರ ತುಪ್ಪಾ ಮುಟ್ಟಿಲ್ಲ, ಅದು ಖರೆ. ಜಿಡ್ಡ ಇಲ್ಲದ ಕೂಳ ಹೊಟ್ಟ್ಯಾಗ ನಿಂತಿಲ್ಲ, ಹಸದಾರ. ಹಸದಾಗೊಮ್ಮಿ ಬೆಲ್ಲಾ ತಿಂದಾರ. ಆ ಬೆಲ್ಲಾನ ಒಳಗ ಹೋಗಿ ಕೊಬ್ಬಾಗಿ ಕುಂತೈತಿ. ಎರಡ ರೊಟ್ಟಿಗೆ ಒಂದ ಮಿಳ್ಳಿ ತುಪ್ಪಾ ಹಚ್ಚಕೊಂಡ ಉಂಡು ಕೈ ತೊಳದಿದ್ರ ಈ ಪಟ್ಟಿ ಕೂಡತಿತ್ತು."

"ಡಾಕ್ಟರ್ರ, ಬೆಲ್ಲದಾಗ ಜಿಡ್ಡ ಇಲ್ರಿ" ಅಂದೆ ನಾನು. "ಪೇಪರ ಮ್ಯಾಲ ಇಟ್ಟ ನೋಡೇನಿ."

"ಪೇಪರಿಗೆ ಹೊಟ್ಟಿ ಇರೂದಿಲ್ರೀ."

ಇಡೀ ಮಂಟಪ ನಕ್ಕಿತು. ಅತ್ತೆಯವರು ನಗಲಿಲ್ಲ, ಕಣ್ಣೊರೆಸಿಕೊಂಡು ನಿಟ್ಟುಸಿರು ಬಿಟ್ಟರು. ವ್ರತ ಉಳಿದಿತ್ತು, ಮರ್ಯಾದೆ ಉಳಿದಿತ್ತು. ಉಳಿಯದ್ದು ನನ್ನ ಕಿರೀಟ. ಪಟ್ಟಿಯಿಲ್ಲದ ಇಂದ್ರನನ್ನು ಕೂಡಿಸಲು ಬರುವುದಿಲ್ಲ ಎಂದರು ಪಂಡಿತರು. ಕೊಂಡಿ ಬಡಿದು ಸರಿ ಮಾಡಿ, ಪಟ್ಟಿಯನ್ನು ಕುಂಥುನಾಥನಿಗೆ ಕಟ್ಟಿದರು. ಟಕ್ಕೆಂದು ಕೂತಿತು. ಆ ಸಪ್ಪಳ ಇಂದಿಗೂ ನನ್ನ ಕಿವಿಯಲ್ಲಿದೆ. ತ್ರಿಶಲಾ ಕಿರೀಟ ತೆಗೆದು ತಂಗಿಗೆ ಕೊಡುವಾಗ ನನ್ನನ್ನು ನೋಡಿದ ರೀತಿಯನ್ನು ಬರೆಯುವುದಿಲ್ಲ, ಮಕ್ಕಳೂ ಓದುತ್ತಾರೆ.

ಹಿಂದಿನ ಬಾಗಿಲಿನಿಂದ ಬಸ್ ಸ್ಟ್ಯಾಂಡಿಗೆ ಹೊರಟಿದ್ದೆ. ಪಂಡಿತರು ತೋಳು ಹಿಡಿದರು. "ಎಲ್ಲಿ ಹೊಂಟ್ರಿ? ಕುಬೇರ ಯಾರೂ ಸಿಕ್ಕಿಲ್ಲ ನನಗ. ಇಂಥಾ ಕುಬೇರ ಎಲ್ಲಿ ಸಿಗಬೇಕ್ರಿ?"

ಆರಾಧನೆಯಲ್ಲಿ ಇಂದ್ರನ ಜೊತೆ ಕುಬೇರನೂ ಇರುತ್ತಾನೆ. ಅವನಿಗೆ ಪಟ್ಟಿಯಿಲ್ಲ, ಹೊಟ್ಟೆ ಬೇಕು. ನನ್ನನ್ನು ಮೆತ್ತನೆ ಗಾದಿಯ ಮೇಲೆ ಕೂಡಿಸಿದರು, ಬಾಜೂಕೆ ತ್ರಿಶಲಾಳಿಗೂ ಒಂದು ಕಿರೀಟ ಸಿಕ್ಕಿತು. ಎಂಟು ದಿನ ನಾವು ಕೂತಲ್ಲಿಂದಲೇ ಜನರ ಮೇಲೆ ಬಾದಾಮಿ, ಉತ್ತತ್ತಿ, ಹೂವು ತೂರಿದೆವು. ಹುಡುಗರು, ಹೆಂಗಸರು, ಮುದುಕರು ನನ್ನ ಮುಂದೆಯೇ ಸೆರಗು, ಟೊಪ್ಪಿಗೆ ಒಡ್ಡಿ ನಿಂತರು. ಫೋಟೋದವನು ಎಲ್ಲ ರೀಲು ನನ್ನ ಮೇಲೆಯೇ ಮುಗಿಸಿದ. ಅತ್ತ ಇಂದ್ರ ಮುಂಜಾನೆಯಿಂದ ಉಪವಾಸ ನಿಂತು, ಕಲಶ ಎತ್ತಿ ಎತ್ತಿ ತೋಳು ನೋಯಿಸಿಕೊಂಡು, ಪಟ್ಟಿ ಚುಚ್ಚುವ ಸೊಂಟವನ್ನು ತಿಕ್ಕುತ್ತಿದ್ದ. ಅವನ ಹತ್ತಿರ ಯಾರೂ ಸುಳಿಯಲಿಲ್ಲ.

ಹುಣ್ಣಿಮೆಯ ದಿನ ಅತ್ತೆಯವರು, "ಇಂಥಾ ಕುಬೇರನ್ನ ನಾ ಹುಟ್ಟಿ ನೋಡಿಲ್ಲ. ವರ್ಷಾ ವರ್ಷಾ ಆರಾಧನಾ ಮಾಡ್ಸೂದ, ವರ್ಷಾ ವರ್ಷಾ ಪಾರೀಸಪ್ಪಾರ ಕುಬೇರ" ಅಂದರು. ಕುಂಥುನಾಥ ನನ್ನ ಗಾದಿಯನ್ನೇ ನೋಡುತ್ತ ನಿಂತಿದ್ದ.

ಡಾಕ್ಟರು ಹೋಗುವಾಗ ಒಂದು ಚೀಟಿ ಬರೆದುಕೊಟ್ಟರು. ಸಕ್ಕರೆ-ಬೆಲ್ಲ ಬಿಡಿ, ಅನ್ನ ಕಡಿಮೆ ಮಾಡಿ, ರೊಟ್ಟಿ-ಪಲ್ಯ ಉಣ್ಣಿ, ತುಪ್ಪ ಒಂದು ಮಿಳ್ಳೆ ಇರಲಿ, ದಿನಾ ಎರಡು ಮೈಲಿ ನಡೆಯಿರಿ. ಸಂಕ್ರಾಂತಿಯ ತನಕ ಅಕ್ಷರಶಃ ಪಾಲಿಸಿದೆ. ಹಸಿವಿನ ಗೋಳು ತಪ್ಪಿತು, ಏದುಸಿರು ನಿಂತಿತು. ಸತ್ತೆಪ್ಪ ಪಟ್ಟಿ ಹಿಡಿದು, "ಮೂವತ್ತೊಂಬತ್ತರೀ!" ಎಂದು ಈ ಸಲ ಪೇಟೆಗೆ ಕೇಳುವಂತೆ ಕೂಗಿದ.

ಸಂಕ್ರಾಂತಿಯ ಮರುದಿನ ಗೋಕಾಕದಿಂದ ಫೋನು ಬಂತು. ತ್ರಿಶಲಾ ಓಡುತ್ತ ತಿರುಗಿ ಬಂದಳು.

"ಕೇಳ್ರಿಲ್ಲೆ! ಮೇಘಾನ ಗಂಡ ಮುಂಜಾನೆ ಸಂಜೀಕ ಕರದಂಟ ತಿನ್ನಾಕತ್ತಾನಂತ. ಅನ್ನಾ ಎರಡ ಪಟ್ಟ ಮಾಡ್ಯಾನಂತ. ಆಗಲೇ ಮೂವತ್ತೇಳಕ್ಕ ಬಂದಾನಂತ. ಮುಂದಿನ ವರ್ಷ ಕುಬೇರ ತಾನ ಆಗತೇನಂತ ಅವ್ವಗ ಹೇಳ್ಯಾನಂತ!"

ಮೂವತ್ತೇಳು. ನಾನು ಊಟಕ್ಕೆ ಕೂತಿದ್ದೆ. ಡಾಕ್ಟರ ಚೀಟಿ ಮಡಚಿ ಚಾಪೆಯ ಕೆಳಗೆ ಇಟ್ಟೆ.

"ಹೋಳಿಗಿ ಅದಾವೇನ?"

"ಅದಾವು. ಯಾಕ್ರಿ?"

"ನಾಲ್ಕ ಹಾಕು. ಬೆಲ್ಲಾನೂ ತಗೊಂಡ ಬಾ."

"ಡಾಕ್ಟರು ಏನ ಹೇಳ್ಯಾರ, ಮರತ್ರ್ಯಾ?"

"ಡಾಕ್ಟರಿಗೇನ ಗೊತ್ತ?" ಅಂದೆ. "ಅವರಿಗೆ ಷಡ್ಡಕ ಇಲ್ಲ."